ಲೋಥಾರ್ ಅವರ ಫ್ಯಾನು

ಜುಲೈ ೨೩, ಮಂಗಳವಾರ, ಯೇನಾ

ಮೂರು ತಿಂಗಳಿಂದ ನನ್ನ ಪ್ರಾಣ ತಿನ್ನುತ್ತಿದ್ದ ಮರಳು ಇವತ್ತು ಮಾಯವಾಯಿತು! ಲೇಸರ್ ಬೆಳಕಿನ ಚಾಳಿಯೇ ಅದು. ನಡೆಯುವವರ ಕಣ್ಣೆದುರೇ ಬಾಣದ ಗುರುತಿನಿಂದ ದಾರಿ ತೋರಿಸಲು ನಾವು ಮಾಡುತ್ತಿರುವ ಕನ್ನಡಕದ ಗಾಜಿನಲ್ಲಿ ಎಂಥ ಚಿತ್ರ ಮೂಡಿಸಿದರೂ ಮೇಲೆ ಮರಳು ಎರಚಿದಂತೆ ಚುಕ್ಕೆಗಳು. ಬೆಳಕಿನ ದಾರಿಯಲ್ಲಿ ಏನಾದರೂ ಅಲುಗುತ್ತಿದ್ದರೆ ಚುಕ್ಕೆಗಳು ಕಲೆಸಿಹೋಗುತ್ತವೆ, ಗೊತ್ತು. ಆದರೆ ಕನ್ನಡಕದೊಳಗೆ ಮೋಟಾರಿಗೆ ಜಾಗವೆಲ್ಲಿ? ಅದಕ್ಕೇ ಮಸೂರಗಳನ್ನು ಬದಲಿಸುತ್ತಾ ಕೂತಿದ್ದೆ. ಶುಕ್ರವಾರ ಗಿರಾಕಿಗಳು ಬರುವವರಿದ್ದಾರೆ. ಚಿತ್ರ ಹೀಗೇ ಇದ್ದರೆ ಕೆಲಸ ಅಲ್ಲಿಗೇ ಬಂದ್.

ಊಟ ಮುಗಿಸಿ ಬಂದರೆ ನಮ್ಮ ಹಿರಿಯ ಮೆಕ್ಯಾನಿಕ್ ಲೋಥಾರ್ ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ, ನನ್ನ ಅಲುಗಬಾರದ ಮೇಜಿನ ಮೇಲೆ, ಅವರ ಹಳೇ ಫ್ಯಾನು! ಜೇಬಿನಲ್ಲಿಡುವ ಲೇಸರ್ ಪೆಟ್ಟಿಗೆಯಿಂದ ಕನ್ನಡಕಕ್ಕೆ ಬೆಳಕು ತರುವ ಗಾಜಿನ ಎಳೆ ಅದಕ್ಕೆ ತಾಗಿ ನಡುಗುತ್ತಿತ್ತು.

“ಈ ಮೇಜಿನ ಮೇಲೆ ಫ್ಯಾನಾ? ನಾಳೆ ಕೇಕ್ ನಿಮ್ದೇ!” ಎಂದು ಕಿರುಚಿ ಆರಿಸಿದೆ. ತಪ್ಪು ಮಾಡಿದವರು ಎಲ್ಲರಿಗೂ ಕೇಕ್ ತರುವುದು ನಮ್ಮ ಲ್ಯಾಬಿನ ಕಟ್ಟಳೆ.

“ಅಯ್ಯೋ ಡಾಕ್ಟರಮ್ಮ, ಏನ್ ಮಾಡಿದ್ರಿ? ಇಷ್ಟೊತ್ತು ನುಣ್ಣಗೆ ಕಾಣ್ತಿತ್ತು, ಈಗ ಮತ್ತೆ ಮರಳು!”

ಕನ್ನಡಕ ಕಿತ್ತುಕೊಂಡು ನಾನೇ ಹಾಕಿಕೊಂಡೆ. ಫ್ಯಾನು ಹಾಕಿದೆ. ಹಸಿರು ಬಾಣ ಹಾಲಿನ ಕೆನೆಯಷ್ಟು ನುಣುಪು! ಮೋಟಾರು ಕನ್ನಡಕದಲ್ಲಿ ಯಾಕಿರಬೇಕು? ಜೇಬಿನ ಪೆಟ್ಟಿಗೆಯಲ್ಲೇ ಇಟ್ಟು ಎಳೆಯನ್ನು ನಡುಗಿಸಿದರಾಯಿತು! ನಾನು ಕುಣಿದಾಡುತ್ತಿದ್ದರೆ ಲೋಥಾರ್ ತಣ್ಣಗೆ ಕೇಳಿದರು, “ಹಂಗಾದ್ರೆ ಕೇಕ್ ಯಾರ್ದು?”

ಚೆರ್ರಿ ಕೇಕ್ ಈಗ ಓವನ್ನಿನಲ್ಲಿದೆ. ಫ್ಯಾನು ಆರಿಸಿದ ತಪ್ಪು ನನ್ನದೇ ತಾನೆ.