ಹೆಸರಿಲ್ಲದ ಕ್ಯಾನು

ಶೆಡ್ಡಿನ ಆಫೀಸು ಕೋಣೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಣ್ಣನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಹೊಸ ಶೆಡ್ಡಿನಲ್ಲಿ ಕಾರು ತೊಳೆಯಲು ಆಳುಗಳಿದ್ದರೂ ನೀನು ಸುಮ್ಮನೆ ಕುರ್ಚಿಯಲ್ಲಿ ಕೂರುವವನಲ್ಲ ಎಂದು ನನಗೆ ಗೊತ್ತು. ಅತ್ತಿಗೆಯ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಈ ಕಾಗದ ಚಿಕ್ಕಪ್ಪನ ವಿಷಯಕ್ಕೆ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ನಗುತ್ತೀಯ, ನಾನು ಅರ್ಧಕ್ಕೇ ರೇಗುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಹೊಸ ಶೆಡ್ಡಿಗೆಂದು ಊರು ಬಿಟ್ಟ ಮೂರನೇ ವಾರ ನಿನ್ನ ಸ್ನೇಹಿತ, ಆ ನಗುಮುಖದವನು, ಚಕ್ರ ತೊಳೆಯುವ ಲಿಕ್ವಿಡ್ ಎಂದು ನಾಲ್ಕು ಬಿಳಿ ಕ್ಯಾನು ಇಳಿಸಿಹೋದ. ಅವುಗಳ ಮೇಲೆ ಹೆಸರಿಲ್ಲ, ಬಳಸುವ ರೀತಿಯೂ ಇಲ್ಲ. ಏನಿದೆ ಇದರಲ್ಲಿ ಎಂದರೆ, "ಸಿಂಪಡಿಸಿ ನೋಡಕ್ಕ, ಆಮೇಲೆ ಮಾತಾಡು" ಎಂದ. ನೋಡಿದೆ. ಚಿಕ್ಕಪ್ಪ ಕಾಲು ಗಂಟೆ ಉಜ್ಜಿದರೂ ಬಿಡದ ಬ್ರೇಕಿನ ಕರಿ ಧೂಳು ಕಣ್ಣು ಮಿಟುಕಿಸುವುದರೊಳಗೆ ಇಳಿದುಹೋಯಿತು. ಗಿರಾಕಿಗಳೆಲ್ಲ ಹೊಗಳಿದರು. ನನಗೆ ಮಾತ್ರ ಆ ವೇಗವೇ ಹಿಡಿಸಲಿಲ್ಲ. ಮೂಗಿಗೆ ಚುಚ್ಚುವ ವಾಸನೆ, ಹನಿ ಬಿದ್ದ ಕಡೆಯೆಲ್ಲ ಸಿಮೆಂಟು ನೆಲ ಬುಸುಬುಸು ನೊರೆ ಕಾರುತ್ತಿತ್ತು. ನೆಲವನ್ನೇ ತಿನ್ನುವುದು ಚಕ್ರವನ್ನು ಬಿಟ್ಟೀತೇ ಎಂದು ಅನ್ನಿಸಿತು. ಆದರೆ ನಿನ್ನ ಮಾತಿನ ಮೇಲೆ ಬಂದ ಸಾಮಾನು, ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು.

ಒಂದು ತಿಂಗಳಾಗುವಷ್ಟರಲ್ಲಿ ನಮ್ಮ ಹಳೇ ಗಿರಾಕಿ ಮೇಷ್ಟ್ರು ಕಾರು ತಂದು ನಿಲ್ಲಿಸಿ, "ಇದೇನಮ್ಮ, ನನ್ನ ಚಕ್ರಕ್ಕೆ ತೊನ್ನು ಹತ್ತಿದ ಹಾಗಿದೆ" ಎಂದರು. ಫಳಫಳ ಹೊಳೆಯುತ್ತಿದ್ದ ಅಲಾಯ್ ಚಕ್ರದ ಮೇಲೆ ಬಿಳಿ ಕಲೆಗಳು. ಏನು ಉಜ್ಜಿದರೂ ಹೋಗಲಿಲ್ಲ. ನನ್ನ ಅನುಮಾನ ಸೀದಾ ಚಿಕ್ಕಪ್ಪನ ಮೇಲೆ ಹೋಯಿತು. ಬಿಸಿ ಚಕ್ರಕ್ಕೆ ಹೊಡೆದು, ಹರಟುತ್ತ ನಿಂತು, ಒಣಗಲು ಬಿಟ್ಟಿರಬೇಕು ಎಂದುಕೊಂಡೆ. ಅನುಮಾನ ಒಂದು ಸಲ ಹೊಕ್ಕರೆ ಗೊತ್ತಲ್ಲ, ಕಂಡದ್ದೆಲ್ಲ ಸಾಕ್ಷಿಯೇ. ಕ್ಯಾನು ಬೇಗ ಬರಿದಾಗುತ್ತಿತ್ತು. ಕೆಲಸವಿಲ್ಲದಾಗ ಅವರು ಬಲಗೈಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. ಟೀ ಲೋಟ ಎಡಗೈಯಲ್ಲಿ ಹಿಡಿಯುತ್ತಿದ್ದರು, ಅನ್ನವನ್ನು ಚಮಚದಲ್ಲಿ ಉಣ್ಣುತ್ತಿದ್ದರು. ಲಿಕ್ವಿಡ್ಡನ್ನು ಸಣ್ಣ ಬಾಟಲಿಗೆ ತುಂಬಿಸಿ ಹೊರಗೆ ಮಾರುತ್ತಿದ್ದಾರೆ ಎಂದೇ ತೀರ್ಮಾನಿಸಿಬಿಟ್ಟೆ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯನ ಬಗ್ಗೆ, ಅಣ್ಣ, ನಾನು ಹೀಗೆ ಯೋಚಿಸಿದೆ.

ಒಂದು ಮಧ್ಯಾಹ್ನ ಅವರು ಕೈಕಾಲು ತೊಳೆಯಲು ಹೋದಾಗ ಅವರ ಚೀಲಕ್ಕೆ ಕೈ ಹಾಕಿದೆ. ಬಾಟಲಿ ಇರಲಿಲ್ಲ. ಸುಟ್ಟಗಾಯದ ಮುಲಾಮಿನ ಹಿಂಡಿದ ಟ್ಯೂಬು, ಹಳೇ ಪಂಚೆಯಿಂದ ಹರಿದ ಬಟ್ಟೆಪಟ್ಟಿಗಳು, ಅಷ್ಟೇ. ತಿರುಗಿದರೆ ಚಿಕ್ಕಪ್ಪ ಹಿಂದೆ ಬಂದು ನಿಂತಿದ್ದರು. ಕೈ ತೋರಿಸಿ ಎಂದೆ. ತೋರಿಸಲಿಲ್ಲ. ನಾನೇ ಹಿಡಿದೆಳೆದೆ. ಎರಡು ಬೆರಳ ತುದಿ ಬೆಳ್ಳಗೆ ಗಟ್ಟಿಯಾಗಿತ್ತು, ಉಗುರಿನಡಿ ಕಪ್ಪು. "ಮುಟ್ಟಿದಾಗ ಏನೂ ಆಗಲ್ಲ ಮಗಳೇ. ಸಂಜೆ ಮೇಲೆ ಮೂಳೆ ಒಳಗೆ ಸೂಜಿ ಆಡಿಸಿದ ಹಾಗೆ ಆಗುತ್ತೆ. ಹೇಳಿದ್ರೆ ಮನೇಲಿ ಕೂರು ಅಂತೀಯ, ಅದಕ್ಕೇ ಸುಮ್ಮನಿದ್ದೆ" ಎಂದರು. ಇದ್ದ ಕೈಗವಸು ತೂತುಬಿದ್ದು ಎಷ್ಟು ದಿನವಾಗಿತ್ತೋ!

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ತಾಗಿದ್ದು? ಹೆಸರು ಹೇಳಿ." ಹತ್ತು ವರ್ಷ ಶೆಡ್ಡಿನಲ್ಲಿ ನಿಂತವಳು ಬೆಪ್ಪಳ ಹಾಗೆ ನೋಡಿದೆ. ಮೇಲೆ ಸುಡದೆ ಒಳಗಿಳಿದು ಸುಡುವ ಆಸಿಡ್ ಇರುತ್ತದಂತೆ. ಇದು ಅದೇ ಇರಬೇಕು, ತಾಗಿದ ಗಳಿಗೆಯಲ್ಲೇ ಬರಬೇಕಿತ್ತು ಎಂದು ಬೈದು, ಬೆರಳಿಗೆ ಇಂಜೆಕ್ಷನ್ ಕೊಟ್ಟರು. ಚಿಕ್ಕಪ್ಪ ಕಿರುಚಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡರು. ಒಂದು ಉಗುರು ಹೋಯಿತು, ಬೆರಳು ಉಳಿಯಿತು. ಈಗ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ.

ಹೊಸ ಲಿಕ್ವಿಡ್ಡನ್ನು ನಾನೇ ಆರಿಸಿದೆ. ಐದು ಅಂಗಡಿ ಸುತ್ತಿದೆ, ಯಾರ ಮಾತನ್ನೂ ನಂಬಲಿಲ್ಲ. "ಎಲ್ಲ ಚಕ್ರಕ್ಕೂ ಆಗುತ್ತೆ" ಎಂದವನಿಗೆ ಎಲ್ಲಿ ಬರೆದಿದೆ ತೋರಿಸು ಎಂದೆ, ಮುಖ ಸಿಂಡರಿಸಿದ. ಕೊನೆಗೆ ಆಸಿಡ್ ಇಲ್ಲ, ಅಲಾಯ್‌ಗೂ ಬಣ್ಣಕ್ಕೂ ಆಗುತ್ತದೆ ಎಂದು ಅಚ್ಚಾಗಿದ್ದ ಒಂದು ಬಾಟಲಿ ಸಿಕ್ಕಿತು. ಅದನ್ನೂ ನಂಬದೆ ಶೆಡ್ಡಿನ ಹಿಂದೆ ಬಿದ್ದಿದ್ದ ಹಳೇ ಚಕ್ರದ ಮೂಲೆಗೆ ಹಚ್ಚಿ ನೋಡಿದೆ. ಕಲೆಯಾಗಲಿಲ್ಲ. ಚಕ್ರ ತಣ್ಣಗಾದ ಮೇಲೆ, ಒಂದೊಂದಕ್ಕೇ ಹೊಡೆದು, ಒಣಗುವ ಮೊದಲೇ ನೀರು ಬಿಡಬೇಕು. ಧೂಳು ಕರಗಿ ನೇರಳೆ ಬಣ್ಣದಲ್ಲಿ ಇಳಿಯುತ್ತದೆ, ಕೊಳೆತ ಮೊಟ್ಟೆಯ ನಾತ. ದಿನನಿತ್ಯದ ಕೊಳೆಗೆ ಶಾಂಪೂ ನೀರು, ಮೆತ್ತನೆ ಬ್ರಷ್ ಸಾಕು. ನಿಧಾನ, ನಿಜ. ಕಾರಿನ ಸಾಲು ಬೆಳೆಯುತ್ತದೆ, ಬೆಳೆಯಲಿ. ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿ, ಚಕ್ರಕ್ಕೆ ಮತ್ತೆ ಬಣ್ಣ ಮಾಡಿಸಿಕೊಟ್ಟೆ. ಚಿಕ್ಕಪ್ಪ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು, "ಆಪರೇಷನ್‌ಗೆ ಯಾರಿದ್ದೀರಪ್ಪ, ಬನ್ನಿ" ಎಂದು ಗಿರಾಕಿಗಳನ್ನು ನಗಿಸುತ್ತಾರೆ. ಚೀಲ ತಡಕಿದ್ದಕ್ಕೆ ಕ್ಷಮೆ ಕೇಳಿದೆ. "ಹುಡುಕಿದ್ದಕ್ಕೇ ಕೈ ಉಳೀತು, ಹೋಗು" ಎಂದರು.

ಅತ್ತಿಗೆಗೆ ನಮಸ್ಕಾರ ಹೇಳು, ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ಭಾರ ಎತ್ತಬೇಡ.

ನಿನ್ನ ತಂಗಿ,
ಮೊಂಡಿ

ಮತ್ತೆ: ಕಾಗದ ಮಡಿಚಿದವಳು ಪುನಃ ಬಿಚ್ಚಿದೆ. ಉಳಿದ ಕ್ಯಾನು ಒಯ್ಯಲು ನಿನ್ನೆ ನಿನ್ನ ಸ್ನೇಹಿತ ಬಂದಿದ್ದ. ಹೆಸರಿಲ್ಲದ್ದನ್ನು ಯಾಕೆ ಕೊಟ್ಟೆ ಎಂದು ಅಡ್ಡಗಟ್ಟಿ ಕೇಳಿದೆ. "ಚೀಟಿ ಇತ್ತಕ್ಕ. ಕಿತ್ತು ಕೊಡು ಅಂದಿದ್ದು ನಿಮ್ಮಣ್ಣ. ಓದಿದ್ರೆ ಚಿಕ್ಕಪ್ಪ ಮುಟ್ಟಲ್ಲ ಅಂದ" ಎಂದ. ಸುಳ್ಳು ಎಂದು ಮುಖಕ್ಕೇ ಹೇಳಿ ಕಳಿಸಿದೆ. ಚಿಕ್ಕಪ್ಪ ಅಲ್ಲೇ ಇದ್ದರು, ಕೇಳಿಸಿಕೊಂಡರು. ಕೈಗವಸು ಕಳಚಿಟ್ಟು ಮನೆಗೆ ಹೋದರು. ಸುಳ್ಳಾದರೆ ಒಂದು ಸಾಲು ಬರೆ, ಅವರಿಗೆ ಓದಿ ಹೇಳುತ್ತೇನೆ. ನಿಜವಾದರೆ ನನಗೆ ಬರೆಯಬೇಡ. ಬಸ್ಸು ಹತ್ತಿ ಬಂದು ಅವರ ಮುಂದೆಯೇ ನಿಂತು ಹೇಳು.