ಅವ್ವನ ಮೂರು ಫೂಟು

20 ನವೆಂಬರ್ 2024, ಊಟದ ಹೊತ್ತು

ಇವತ್ತು ನಗ್ಮಾಳ ಸರದಿ. ವಾಡಿ ಹತ್ತಿರ ಸೈಟ್ ನೋಡಿದ್ದಾಳೆ. ಚಿತ್ತಾಪುರದ ಈ ಆಸ್ಪತ್ರೆಯಲ್ಲಿ ಯಾವ ನರ್ಸ್ ಸೈಟ್ ಕೊಂಡರೂ ಮೊದಲು ನನ್ನ ಹತ್ತಿರ ಬರಬೇಕು. ಡಾಕ್ಟರರೂ ಬಂದಿದ್ದಾರೆ. ಹೊಲದ ಜಮೀನು ಎನ್‌ಎ ಆಗಿದೆಯಾ, ಸಾಲದ ಹೊರೆ ಇಲ್ಲವೆಂದು ಇಸಿ ತೆಗೆಸಿದೆಯಾ, ರಸ್ತೆ ನಕ್ಷೆಯಲ್ಲಿದೆಯೋ ಬರೀ ಬ್ರೋಕರನ ಬಾಯಲ್ಲೋ, ಹಳೇ ಕಲ್ಲಿನ ಖಣಿ ಮುಚ್ಚಿ ಪ್ಲಾಟ್ ಹಾಕಿದ್ದಾರೋ... ಎಲ್ಲ ಕೇಳಿದೆ.

"ಟೇಪ್ ಹಿಡಿದು ಅಳದೀ ಏನು?"

"ಇಲ್ಲಕ್ಕ. ಕಣ್ಣಿಗಿ ಬರೋಬ್ಬರಿ ಕಾಣ್ತದ."

"ಕಣ್ಣಿನ ಅಳತಿ ರಿಜಿಸ್ಟ್ರಿ ಆಗಂಗಿಲ್ಲವ್ವಾ."

ಎಲ್ಲರೂ ನಕ್ಕರು. ಚೆನ್ನಾಗಿಯೇ ಹೇಳಿದೆ.

ಭಾನುವಾರ ನಮ್ಮ ಸೈಟಿಗೆ ಕಂಟ್ರಾಕ್ಟರ್ ಅಮೀರ್ ಅಲಿ ಬರುತ್ತಾರೆ. ಸೈಟು ಶಹಾಬಾದದ್ದು. ನಾನೇ ಹುಡುಕಿ ಅವ್ವನ ಹೆಸರಲ್ಲಿ ಕೊಂಡದ್ದು. ನಮ್ಮ ಮನೆತನಕ್ಕೆ ಮೊದಲ ಜಾಗ. ಕೆಳಗೊಂದು, ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು. ಬಾಡಿಗೆ ಅವ್ವನ ಕೈಗೆ.

24 ನವೆಂಬರ್, ಸಂಜೆ

ಕಾಗದದಲ್ಲಿ ಮೂವತ್ತು ಬೈ ನಲವತ್ತು. ಅಮೀರ್ ಅಲಿ ಟೇಪ್ ಹಿಡಿದರು — ಅಗಲ ಇಪ್ಪತ್ತೇಳು. ಮತ್ತೆ ಹಿಡಿಸಿದೆ. ಇಪ್ಪತ್ತೇಳೇ.

"ಮೇಡಂ, ಇಷ್ಟರಾಗ ಮೆಟ್ಟಲಾ ಕುಂದ್ರಂಗಿಲ್ರಿ. ಮ್ಯಾಲಿನ ಮನಿ ಮರತ ಬಿಡ್ರಿ."

ಕೊಂಡಾಗ ನಾನೇ ನಿಂತು ಅಳೆಸಿದ್ದೆ. ಮೂವತ್ತೇ ಇತ್ತು. ಆಮೇಲೆ ನನಗೆ ಚಿಂಚೋಳಿಗೆ ವರ್ಗ. ಆ ವರ್ಷವೇ ಅವ್ವ ಸುತ್ತ ಬೇಲಿಗೆಂದು ಫರಸಿ ಕಲ್ಲಿನ ಚಪ್ಪಡಿ ನೆಡಿಸಿದ್ದು. ಅಂದರೆ ಕಲ್ಲು ನೆಡುವಾಗಲೇ ಯಾರೋ ಒಳಗೆ ಒತ್ತಿದ್ದಾರೆ. ಇನ್ಯಾರು — ಪಕ್ಕದ ಮನೆ ಶಿವಕಾಂತಮ್ಮ. ಕಲ್ಲಿನ ಆಚೆ ಅವರ ಸೌದೆ, ಬಟ್ಟೆ ಹರವುವ ತಂತಿ.

ಹೋಗಿ ಕೇಳಿಯೇಬಿಟ್ಟೆ. "ಮೂರು ಫೂಟು ನುಂಗಿ ಕುಂತೀರಲ್ರಿ?"

"ನಾವ್ಯಾಕ ನುಂಗೋಣವ್ವಾ? ಸರ್ವೇ ಮಾಡಸು. ನಮ್ಮದೇನೂ ತಕರಾರಿಲ್ಲ."

ಆ ತಣ್ಣನೆ ಮಾತಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದರೆ ಅವ್ವ ಅವರ ಪರ. "ಸುಮ್ಕಿರು. ಮಂದಿ ಕೂಡ ಜಗಳ ಯಾಕ?" ಅವಳ ಮೇಲೂ ಕೂಗಾಡಿದೆ.

ಬಿಡುವುದಿಲ್ಲ. ಒಂದು ಇಂಚೂ ಬಿಡುವುದಿಲ್ಲ.

19 ಡಿಸೆಂಬರ್

ಶನಿವಾರ ಸರ್ವೇ. ಪಕ್ಕದವರಿಗೂ ನೋಟಿಸ್ ಹೋಗಿದೆ. ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಕೇಳಿದರೆ "ಏನಿಲ್ಲ."

21 ಡಿಸೆಂಬರ್, ಸಂಜೆ

ಹೇಗೆ ಬರೆಯಲಿ...

ಲೈಸೆನ್ಸ್ ಸರ್ವೇಯರ್ ಅಂಬರೇಶ ರಸ್ತೆಯಂಚಿನ ಲೇಔಟ್ ಕಲ್ಲಿನಿಂದ ಅಳೆದುಕೊಂಡು ಬಂದರು. ನಮ್ಮ ಗೆರೆ ಫರಸಿ ದಾಟಿತು, ಸೌದೆ ದಾಟಿತು, ಶಿವಕಾಂತಮ್ಮನ ಗೋಡೆ ಮುಟ್ಟುವ ಮುಂಚೆ ನಿಂತಿತು. ಮೂವತ್ತು ಪೂರಾ ಇದೆ. ಅವರ ಗೋಡೆ ಅವರ ಜಾಗದಲ್ಲೇ ಇದೆ.

"ಹಂಗಾದ್ರ ಕಲ್ಲು ಇಷ್ಟು ಒಳಗ ಯಾರು ನೆಡಿಸಿದ್ರು?" ಅಂದೆ.

ಶಿವಕಾಂತಮ್ಮ ಅಂದರು, "ನಿಮ್ಮವ್ವಗ ಕೇಳು. ನೆಡೋ ದಿನ ನಾನೇ ಅಂದೀನಿ, ಇಷ್ಟು ಒಳಗ ಯಾಕ ಅಂತ. ಖುಲ್ಲಾ ಇತ್ತು, ಸೌದಿ ಇಟ್ಟೀವಿ."

ಅವ್ವ ನೆಲ ನೋಡುತ್ತಿದ್ದಳು. "ನಾನೇ ನೆಡಿಸೀನಿ."

"ಯಾಕವ್ವಾ?"

"ಗೆರಿ ಮ್ಯಾಲೇ ನೆಟ್ರ ಯಾರರ ಏನರ ಅಂತಾರ. ಜರಾ ಸರದು ಇದ್ರ ಯಾರೂ ಅನ್ನಂಗಿಲ್ಲ. ನಾವು ಎಲ್ಲಾ ಕಡಿ ಹಂಗೇ ನಿಂತೀವಲ್ಲ, ಸುಮಂಗಲಾ."

ಸಿಟ್ಟು ಬಂತು. ಅವ್ವನ ಮೇಲಲ್ಲ. ಬಾವಿಯ ಹತ್ತಿರ, ಹೋಟೆಲಿನ ಬಾಗಿಲಲ್ಲಿ ಅವಳನ್ನು ಸರಿದು ನಿಲ್ಲಿಸಿದವರ ಮೇಲೆ. ತನ್ನದೇ ಜಾಗದಲ್ಲೂ ಸರಿದು ನಿಂತಳಲ್ಲ... ಅಲ್ಲೇ ಅಳು ಬಂತು.

ಶಿವಕಾಂತಮ್ಮನಿಗೆ ತಪ್ಪಾಯಿತು ಅಂದೆ. ಹೇಳಲು ಕಷ್ಟವಾಯಿತು, ಆದರೂ ಹೇಳಿದೆ.

ಅಂಬರೇಶ ಗೂಟ ಹೊಡೆದು, "ಮಾಲಕರು ಬರ್ರಿ, ಇಲ್ಲಿ ನಿಂದರ್ರಿ, ಫೋಟೋ ಬೇಕು" ಅಂದರು. ಅವ್ವ ನನ್ನನ್ನು ಮುಂದೆ ದೂಡಿದಳು.

"ಕಾಗದದಾಗ ಅನಸುಬಾಯಿ ಗಂಡ ಭೀಮಶ್ಯಾ ಅಂತ ಅದರಿ. ಅವರೇ ಬರಬೇಕು."

ಅವ್ವ ಚಪ್ಪಲಿ ಬಿಟ್ಟಳು.

"ಹಾಕ್ಕೊಳ್ಳವ್ವಾ. ನಿನ್ನ ಜಾಗಾ ಅದು."

ಹಾಕಿಕೊಂಡಳು. ಸೆರಗು ಸರಿ ಮಾಡಿಕೊಂಡು ಗೂಟದ ಪಕ್ಕ ನೆಟ್ಟಗೆ ನಿಂತಳು. ಆ ಫೋಟೋವನ್ನು ನಗ್ಮಾಗೆ ಕಳಿಸಿದೆ, ಗ್ರೂಪಿಗೆ ಹಾಕಿದೆ, ಡಾಕ್ಟರರಿಗೂ ಕಳಿಸಿದೆ. ಹೆಮ್ಮೆ. ಭಾಳ ಹೆಮ್ಮೆ.

29 ಡಿಸೆಂಬರ್, ಬೆಳಿಗ್ಗೆ ಹನ್ನೊಂದು, ಸೈಟಿನಲ್ಲೇ

ಸ್ಕೂಟಿ ಮೇಲೆ ಕೂತು ಬರೆಯುತ್ತಿದ್ದೇನೆ. ಫರಸಿ ಕಿತ್ತು ಗೆರೆಗೆ ನೆಡುವ ಕೆಲಸ. ಅಮೀರ್ ಅಲಿಯ ಆಳುಗಳು ಕೈ ಹಾಕಿದರೆ ಅವ್ವ ಬಿಡಲಿಲ್ಲ. "ಅಂಚು ಒಡೀತೀರಿ, ಸರೀರಿ." ಕಲ್ಲನ್ನು ಒಂದು ಮೂಲೆಯ ಮೇಲೆ ಎತ್ತಿ ತಿರುಗಿಸಿ, ಮತ್ತೊಂದು ಮೂಲೆಗೆ ಇಳಿಸಿ, ನಡೆಸಿಕೊಂಡೇ ಹೊರಟಳು. ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಅಷ್ಟು ವರ್ಷ ಮಾಡಿದ ಕೆಲಸ. ಅರವತ್ತು ದಾಟಿದ ಹೆಂಗಸು! ಸೌದೆಯನ್ನು ಶಿವಕಾಂತಮ್ಮ ನಿನ್ನೆಯೇ ತೆಗೆಸಿದ್ದಾರೆ. ಈಗ ಎಲ್ಲರಿಗೂ ಚಹಾ ತಂದರು.

ಅಲ್ಲೇನೋ ತಕರಾರು ಎದ್ದಿದೆ. ಆಳುಗಳು ನೆಟ್ಟ ಒಂದು ಕಲ್ಲು ಗೂಟಕ್ಕಿಂತ ಎರಡು ಬೆರಳಷ್ಟು ಒಳಗೆ ಬಂದಿದೆಯಂತೆ. ಅಮೀರ್ ಅಲಿ ಅನ್ನುತ್ತಿದ್ದಾರೆ, "ಅವ್ವಾ, ಎರಡ ಬಟ್ಟು ಒಳಗ ಆದ್ರ ಏನಾಯ್ತ್ರಿ? ಮಣ್ಣು ಹಾಕಿ ಮುಚ್ಚೀವಿ."

"ಕೀಳ್ರಿ. ಗೂಟ ಎಲ್ಲದ, ಕಲ್ಲು ಎಲ್ಲದ? ಎರಡ ಬಟ್ಟಾದ್ರೂ ನಂದು. ಯಾಕ ಬಿಡ್ಲಿ?"

ಶಿವಕಾಂತಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾರೆ. ಹೋಗಿ ಸಮಾಧಾನ ಮಾಡಬೇಕು. ಏಳಲು ಮನಸ್ಸೇ ಇಲ್ಲ. ಅವ್ವ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ —