ಮುಚ್ಚಳದ ಡಬ್ಬಿ

ತರೈವಿನಿ ಅತ್ತಿಗೆಗೆ, ನಿನ್ನ ನಾದಿನಿ ಅಲುಮಿತಾ ಬರೆಯುತ್ತಿದ್ದೇನೆ.

ನೀನು ಪರದೆಯ ಆಚೆ ಕುಳಿತು ಚಾಪೆ ಹೆಣೆಯುತ್ತಿದ್ದೀಯ. ಒಣಗಿದ ಕೇದಗೆ ಎಲೆ ಒಂದರ ಮೇಲೊಂದು ಸರಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ. ಏಳು ಹೆಜ್ಜೆ ದೂರದಲ್ಲಿರುವವಳಿಗೆ ಪತ್ರ ಬರೆಯುವುದು ವಿಚಿತ್ರವೇ. ಎದುರು ಕುಳಿತು ಹೇಳಲು ಈ ಇಪ್ಪತ್ತೆರಡು ವರ್ಷಗಳಲ್ಲಿ ಮೂರ್ನಾಲ್ಕು ಸಲ ಹೊರಟಿದ್ದೆ. ನಾನು ಕೊನೆ ಮುಟ್ಟುವ ಮೊದಲೇ ನೀನು ಮೊದಲನ್ನು ಮರೆತಿರುತ್ತಿದ್ದೆ, ಬಟ್ಟೆ ಒಣಗಿದೆಯೇ ಎಂದು ಕೇಳುತ್ತಿದ್ದೆ. ಅದು ನನಗೆ ಅನುಕೂಲವಾಗಿಯೇ ಇತ್ತು. ಅರ್ಧಕ್ಕೆ ನಿಂತದ್ದು ನಿನ್ನ ಮರೆವಿನಿಂದ ಎಂದುಕೊಂಡು ಎದ್ದು ಹೋಗಬಹುದಿತ್ತು. ಕಾಗದದ ಮೇಲಾದರೆ ಮೊದಲೂ ಕೊನೆಯೂ ಒಟ್ಟಿಗೇ ಇರುತ್ತವೆ.

ನಿನ್ನೆ ನನ್ನ ಸೋದರತ್ತೆ ಉನೈಸಿಯನ್ನು ಮಣ್ಣು ಮಾಡಿದೆವು. ನೀನೂ ಬಂದಿದ್ದೆ, ನನ್ನ ತೋಳು ಹಿಡಿದು ನಿಂತಿದ್ದೆ, ಯಾರು ಹೋದದ್ದೆಂದು ನಾಲ್ಕು ಸಲ ಕೇಳಿದೆ. ಅಮ್ಮ ಹೋಗಿ ಎಂಟು ವರ್ಷವಾಯಿತು. ಆ ದಿನಗಳಲ್ಲಿ ನಿನ್ನ ಹಾಸಿಗೆಯ ಬಳಿ ಇದ್ದವರಲ್ಲಿ ಇನ್ನು ಉಳಿದವಳು ನಾನೊಬ್ಬಳೇ.

ಹೋಗುವ ಹಿಂದಿನ ದಿನ ಅತ್ತೆ ನನ್ನ ಕೈ ಹಿಡಿದುಕೊಂಡು, "ನಾನೇ ಕಣೇ ತಡ ಮಾಡ್ಸಿದ್ದು. ಆ ಹನ್ನೊಂದು ದಿನ ನಾನೇ ಹಿಡ್ಕೊಂಡು ಕೂತೆ. ತರೈವಿನಿ ತಲೆ ಹಾಳಾಗಿದ್ದು ನನ್ನಿಂದ," ಎಂದಳು. ನಾನು, "ಇಲ್ಲ ಅತ್ತೆ, ನಿಮ್ಮಿಂದ ಅಲ್ಲ," ಎಂದೆ. ಯಾರಿಂದ ಎಂದು ಹೇಳಲಿಲ್ಲ. ಅವಳು ಅದನ್ನು ಬರೀ ಸಮಾಧಾನದ ಮಾತೆಂದುಕೊಂಡಳು.

ನಿನಗೆ ನೆನಪಿರುವುದು ಎಲ್ಲಿಯವರೆಗೆ ಎಂದು ನನಗೆ ಚೆನ್ನಾಗಿ ಗೊತ್ತು. ನೀನು ಮದುವೆಯಾಗಿ ಈ ಮನೆಗೆ ಬಂದದ್ದು ನೆನಪಿದೆ. ಮೊದಲಿನ ಎರಡು ಬಸುರೂ ನೆನಪಿವೆ. ಎರಡು ಸಲವೂ ಎರಡನೇ ತಿಂಗಳಿಗೇ ನಿನ್ನ ತವರಿಗೆ ಪದ್ಧತಿಯಂತೆ ತಿಮಿಂಗಿಲದ ಹಲ್ಲನ್ನು ಕಾಣಿಕೆಯಾಗಿ ಒಪ್ಪಿಸಿ ಸುದ್ದಿ ಮುಟ್ಟಿಸಿದ್ದೆವು, ಹಂದಿ ಕಡಿದು ಊಟ ಹಾಕಿದ್ದೆವು. ಎರಡು ಸಲವೂ ಊಟದ ಎಲೆ ಒಣಗುವ ಮೊದಲೇ ಕೂಸು ಹೋಗಿತ್ತು. ಅಣ್ಣ ಅಪೆನಿಸಾ ಸಿನಾಯ್ ಮರಳುಗಾಡಿನಲ್ಲಿ ಸೈನ್ಯದ ಕಾವಲಿಗೆ ಹೋದದ್ದು, ರಜೆಗೆ ಬಂದು ಇಪ್ಪತ್ತು ದಿನ ಇದ್ದು ಹಿಂದಿರುಗಿದ್ದು, ಇವೂ ನೆನಪಿವೆ. ಆಮೇಲೆ ಒಂದು ಬೆಳಗ್ಗೆ ನೀನು ಅಡುಗೆ ಮನೆಯ ಹಿಂದೆ ನನ್ನನ್ನು ಎಳೆದುಕೊಂಡು ಹೋದೆ.

"ಯಾರ್ಗೂ ಹೇಳ್ಬೇಡ ಕಣೇ. ಹೇಳಿದ್ ಎರಡೂ ಹೋದ್ವು. ಇದನ್ನ ಹೊಟ್ಟೆ ಕಾಣೋವರ್ಗೂ ಮುಚ್ಚಿಡ್ತೀನಿ."

"ಅಣ್ಣನಿಗೆ?"

"ಅಂಚೆ ಮನೆ ರೇಡಿಯೊ ಫೋನ್‌ನಲ್ಲಿ ಹೇಳಿದ್ರೆ ಹದಿನಾಲ್ಕು ಊರಿಗೆ ಕೇಳುತ್ತೆ. ಆಮೇಲೆ ಕೊನೇಲಿ ನಿನ್ನಣ್ಣನಿಗೆ ಕೇಳುತ್ತೆ."

ನಿನ್ನ ನೆನಪು ನಿಂತಿರುವುದು ಆ ಅಡುಗೆ ಮನೆಯ ಹಿಂದೆ.

ಮುಂದಿನದನ್ನು ನಾನು ಹೇಳಬೇಕು. ಅದಾದ ಎರಡೇ ದಿನಕ್ಕೆ ನಿನ್ನ ವಾಂತಿ ಶುರುವಾಯಿತು. ಬಸುರಿಯರು ವಾಂತಿ ಮಾಡಿಕೊಳ್ಳುವುದನ್ನು ನಾನು ಕಂಡಿದ್ದೆ. ಬೆಳಗ್ಗೆ ಒಂದೆರಡು ಸಲ ಓಕರಿಸಿ, ಬಾಯಿ ತೊಳೆದು, ಹುಳಿ ಏನಾದರೂ ತಿಂದು ಕೆಲಸಕ್ಕೆ ಏಳುತ್ತಾರೆ. ನಿನ್ನದು ಹಾಗಿರಲಿಲ್ಲ. ತೆಂಗಿನ ವಾಸನೆ ನಿನಗೆ ಆಗದಾಯಿತು. ಈ ಊರಿನಲ್ಲಿ ತೆಂಗಿನ ವಾಸನೆ ಇಲ್ಲದ ಜಾಗ ಯಾವುದಿತ್ತು? ತಲೆಗೆ ಅದೇ ಎಣ್ಣೆ, ಮೀನಿಗೆ ಅದೇ ಹಾಲು, ಅಂಗಳದಲ್ಲಿ ಒಣಹಾಕಿದ ಕೊಬ್ಬರಿ, ಒಲೆಗೆ ಅದರದೇ ಕರಟ. ನೀನು ದುಪ್ಪಟಿಯ ತುದಿಯನ್ನು ಮೂಗಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಮರಗೆಣಸಿನ ತುಂಡು, ನಿಂಬೆ ಎಲೆಯ ಚಹಾ, ಕೊನೆಗೆ ಬರೀ ನೀರು, ಒಂದೊಂದಾಗಿ ಎಲ್ಲವೂ ಹಿಂದಕ್ಕೆ ಬಂದವು. ಹಳದಿ ಬಂತು, ಆಮೇಲೆ ಹಸಿರು, ಒಂದು ದಿನ ರಕ್ತದ ಎಳೆ.

ಅದನ್ನೆಲ್ಲ ಹಿಡಿಯಲು ನಾನೊಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟೆ. ಚೌಕದ ತಗಡಿನ ಡಬ್ಬಿ, ಬಿಗಿಯಾದ ಮುಚ್ಚಳ. ಬೆಳಕು ಹರಿಯುವಾಗ ಅದರ ಮೇಲೆ ಟವೆಲು ಹೊದಿಸಿ ಸಮುದ್ರಕ್ಕೆ ಕೊಂಡೊಯ್ದು ತೊಳೆದು ತರುತ್ತಿದ್ದೆ. ಅಮ್ಮನಿಗೆ ನಿನ್ನದು ಜ್ವರವೆಂದು, ಮೈಕೈ ನೋವೆಂದು ಹೇಳಿದೆ. ನೀನೂ ಹಟ ಬಿಡಲಿಲ್ಲ. ಅನುಮಾನ ಬರಬಾರದೆಂದು ನೀರಿಳಿದಾಗ ಹೆಂಗಸರ ಜೊತೆ ಬಲೆ ಹಿಡಿಯಲು ಬರುತ್ತಿದ್ದೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಎಲ್ಲರಿಗೂ ಬೆನ್ನು ಮಾಡಿ ಕಾರಿಕೊಂಡು, ನನ್ನ ಕಡೆ ತಿರುಗಿ, "ನೋಡೇ ಟೀಚರಮ್ಮ, ಊಟ ಬೇರೆ ಹಾಕ್ತಿದೀನಿ, ಆದ್ರೂ ಒಂದು ಮೀನೂ ಬಲೆಗೆ ಬರ್ತಿಲ್ಲ. ನಿಯತ್ತಿಲ್ಲದ್ವು," ಎಂದು ಪಿಸುಗುಟ್ಟಿದ್ದೆ. ಆಗ ನಿನ್ನ ಕೆನ್ನೆಯ ಮೂಳೆ ಕಾಣತೊಡಗಿತ್ತು. ನಾನು ನಕ್ಕೆ.

ಬಲೆಗೆ ನಿಜವಾಗಿಯೂ ಮೀನು ಬರುತ್ತಿರಲಿಲ್ಲ. ಒಂದು ಸಲ, ಎರಡು ಸಲ, ಮೂರನೆಯ ಸಲವೂ ಬರೀ ಪಾಚಿ. ಹಾಗಾದರೆ ನಮ್ಮವರು ಮೊದಲು ಹುಡುಕುವುದು ಏನನ್ನೆಂದು ನನಗೆ ಗೊತ್ತಿತ್ತು. ಬಸುರನ್ನು ಮುಚ್ಚಿಟ್ಟವಳು ಬಲೆ ಮುಟ್ಟಿದರೆ ಮೀನು ತಿರುಗಿ ಹೋಗುತ್ತದೆ, ಹಿಟ್ಟು ಮುಟ್ಟಿದರೆ ಉಬ್ಬುವುದಿಲ್ಲ, ಬಾಣಂತಿಯ ಪಕ್ಕ ಕುಳಿತರೆ ಹಾಲು ಬತ್ತುತ್ತದೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಇದನ್ನು ನಂಬಿದ್ದೆನೇ? ನಂಬಿರಲಿಲ್ಲ. ನಂಬದೆ ಇರಲೂ ಇಲ್ಲ.

ನೀನು ಬಾರದ ಒಂದು ಮಧ್ಯಾಹ್ನ ಒಂಬತ್ತು ಮಂದಿ ಬಲೆ ಬಿಡಿಸುತ್ತಾ ಕುಳಿತಿದ್ದೆವು. ಉನೈಸಿ ಅತ್ತೆ ತಲೆ ಎತ್ತದೆ ಶುರುಮಾಡಿದಳು.

"ಯಾರೋ ಒಬ್ಳು ಹೊಟ್ಟೆ ಮುಚ್ಕೊಂಡು ನಮ್ ಬಲೆ ಹಿಡೀತಾ ಇದಾಳೆ."

"ನನ್ನ ನೋಡ್ಬೇಡಿ, ನನಗೆ ಅರವತ್ತಾಯ್ತು," ಎಂದಳು ಒಬ್ಬ ಮುದುಕಿ. "ಆದ್ರೂ ದೇವ್ರು ದೊಡ್ಡೋನು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ಟೀಚರಮ್ಮ, ಬೆಳಗಾಗೆದ್ದು ಡಬ್ಬಿ ತೊಳೆಯೋಕೆ ಹೋಗ್ತೀಯಲ್ಲ. ಅದ್ರಲ್ಲೇನು, ಹೆಡ್‌ಮಾಸ್ಟರು ಬರೆದ ಕಾಗದಾನಾ?"

ಈಗ ಯಾರೂ ನಗಲಿಲ್ಲ. ನನಗೆ ಆಗ ಮೂವತ್ತೊಂದು, ಮದುವೆ ಇಲ್ಲ. ಎಂಟು ಜೊತೆ ಕಣ್ಣುಗಳು ನನ್ನ ಹೊಟ್ಟೆಯ ಮೇಲೆ ನಿಂತವು. ನಿನ್ನ ಗುಟ್ಟನ್ನು ನಾನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡೆ ಎಂದು ಹಲವು ಸಲ ಯೋಚಿಸಿದ್ದೇನೆ. ಬಹಳ ಹೊತ್ತಲ್ಲ. ಒಂದು ಗಂಟು ಬಿಡಿಸುವಷ್ಟು.

"ನಂದಲ್ಲ. ಅತ್ತಿಗೇದು," ಎಂದೆ.

ಆಮೇಲೆ ಆದದ್ದು ಸಂತೋಷದ ಗದ್ದಲ. ಅಮ್ಮ ಓಡಿ ಬಂದು ನಿನ್ನ ಕಾಲ ಬಳಿ ಕುಳಿತು ಅತ್ತಳು. ನೀನು ಅಮ್ಮನ ತಲೆಯ ಮೇಲಿಂದ ನನ್ನನ್ನು ನೋಡಿದೆ. ಬೈಯಲಿಲ್ಲ. "ಹೋಗ್ಲಿ ಬಿಡು," ಎಂದು ತುಟಿಯಲ್ಲೇ ಅಂದೆ. ಆ ಎರಡು ಮಾತನ್ನು ನಾನು ಕ್ಷಮೆ ಎಂದು ಎತ್ತಿಟ್ಟುಕೊಂಡಿದ್ದೆ. ಆದರೆ ನೀನು ಕ್ಷಮಿಸಿದ್ದು ಅಲ್ಲಿಯವರೆಗಿನದನ್ನು ಮಾತ್ರ.

ಮರುದಿನ ಬಲೆ ತುಂಬಿತು. ಅಷ್ಟು ಮೀನನ್ನು ಆ ವರ್ಷ ನಾವು ಕಂಡಿರಲಿಲ್ಲ. ನಮ್ಮನ್ನು ಕೆಡಿಸಿದ್ದು ಅದೇ. ಬಲೆ ಸರಿಹೋಯಿತೆಂದರೆ ನೀನೂ ಸರಿಹೋಗಬೇಕು. ಮುಚ್ಚಿಟ್ಟದ್ದರಿಂದ ಬಂದ ಕಾಯಿಲೆ, ತೆರೆದರೆ ಹೋಗುತ್ತದೆ. ಇನ್ನು ಉಳಿದದ್ದು ನಿನ್ನ ತವರಿಗೆ ಕ್ರಮವಾಗಿ ತಿಳಿಸುವುದು. ತಿಮಿಂಗಿಲದ ಹಲ್ಲು ದೊಡ್ಡಪ್ಪನ ಬಳಿ ಇತ್ತು, ದೊಡ್ಡಪ್ಪ ದ್ವೀಪದ ಆ ಬದಿಯಲ್ಲಿದ್ದ, ಸಮುದ್ರ ಒರಟಾಗಿತ್ತು. "ಅವ್ರಿಗೆ ಮುಟ್ಟಿಸೋವರ್ಗೂ ಇದು ಪೂರ್ತಿ ಬಿಡಲ್ಲ. ಈಗ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅವ್ರ ಮನೆಯವ್ರಿಗೆ ಬೇರೆಯವ್ರ ಬಾಯಿಂದ ಗೊತ್ತಾಗುತ್ತೆ. ಅದು ಇನ್ನೂ ಕೆಟ್ಟದ್ದು," ಎಂದಳು ಅತ್ತೆ. ಅಮ್ಮ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಗ್ಗೆ ಡಬ್ಬಿ ತೊಳೆಯುವಾಗ ಈಗ ಟವೆಲು ಮುಚ್ಚಬೇಕಾಗಿರಲಿಲ್ಲ, ಅಷ್ಟೇ.

ಗುಟ್ಟು ಹೊರಬಿದ್ದ ಎಂಟನೆಯ ದಿನ ನೀನು, "ಇಬ್ರು ಅಲುಮಿತಾ ಯಾಕ್ ಬಂದಿದೀರಾ? ಒಬ್ಳ ಕಾಟವೇ ಸಾಕಾಗಿತ್ತು," ಎಂದೆ. ನಿನ್ನ ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಅದುರುತ್ತಿದ್ದವು. ಒಂಬತ್ತನೆಯ ದಿನ ಹೊರಗೆ ಹೋಗಲು ಎದ್ದವಳು ದೋಣಿಯಲ್ಲಿ ನಿಂತವಳಂತೆ ಕಾಲು ಅಗಲಿಸಿ ತೂರಾಡಿದೆ. "ಹಡಗಿನವ್ನೇ ಹುಟ್ತಾನೆ, ಈಗ್ಲೇ ಅಲೆ ಅಭ್ಯಾಸ ಮಾಡಿಸ್ತಿದಾನೆ," ಎಂದಳು ಅತ್ತೆ. ನೀನೂ ನಕ್ಕೆ.

ಹನ್ನೊಂದನೆಯ ದಿನ ಹಲ್ಲು ಒಪ್ಪಿಸಿದೆವು. ನಿನ್ನ ತವರಿನವರು ಅದನ್ನು ಮುಟ್ಟಿ ತೆಗೆದುಕೊಂಡರು. ಗಂಡಸರು ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಆ ಸಂಜೆ ನೀನು ಅರ್ಧ ಲೋಟ ನೀರು ಕುಡಿದೆ, ಅದು ಹಿಂದೆ ಬರಲಿಲ್ಲ. ಮನೆಯಲ್ಲಿ ಪ್ರಾರ್ಥನೆ ಮಾಡಿದರು. ಬೆಳಗ್ಗೆ ನಿನಗೆ ನಾನು ಯಾರೆಂದು ತಿಳಿಯಲಿಲ್ಲ.

ದೋಣಿ, ಆಮೇಲೆ ಹಡಗು, ಆಮೇಲೆ ಪಟ್ಟಣದ ಆಸ್ಪತ್ರೆ. ಜೊತೆಗೆ ಅಮ್ಮ, ಅತ್ತೆ ಮತ್ತು ನಾನು. ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ಕುಳಿತಿರಲಿಲ್ಲ ಎಂದು ಕಾಣುತ್ತಿತ್ತು. ಅವರು ನಿನ್ನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ವಾಂತಿ ಎಷ್ಟು ದಿನದಿಂದ?" ಎಂದು ಕೇಳಿದರು. ಅಮ್ಮನೂ ಅತ್ತೆಯೂ ನನ್ನ ಮುಖ ನೋಡಿದರು. ಓದಿದವಳು ನಾನು.

ಇಲ್ಲಿಯೇ, ಅತ್ತಿಗೆ, ಪ್ರತಿ ಸಲ ನಾನು ನಿಲ್ಲಿಸುತ್ತಿದ್ದದ್ದು.

ಐವತ್ತೆರಡು ದಿನ. ನಾನು ಐವತ್ತೆರಡು ಸಲ ಆ ಡಬ್ಬಿ ತೊಳೆದಿದ್ದೆ. ಅದನ್ನು ಹೇಳಿದರೆ ಅಮ್ಮನಿಗೆ ಗೊತ್ತಾಗುತ್ತಿತ್ತು: ನಲವತ್ತೊಂದು ದಿನ ಮಗಳು ಎದುರಿಗೇ ಇದ್ದು, ಜ್ವರ ಎಂದು ಸುಳ್ಳು ಹೇಳಿ, ಸೊಸೆ ಮೂಳೆಯಾಗುವುದನ್ನು ನೋಡುತ್ತಿದ್ದಳು ಎಂದು.

"ಹನ್ನೊಂದು ದಿನ," ಎಂದೆ.

ಅತ್ತೆ ತಲೆಯಾಡಿಸಿದಳು. ನಮ್ಮಲ್ಲಿ ಬಸುರು ಹೇಳಿದ ದಿನದಿಂದಲೇ ಶುರು, ಅದಕ್ಕೆ ಮೊದಲಿನದು ಇಲ್ಲವೆಂದೇ ಲೆಕ್ಕ. ನಮ್ಮವರಿಗೆ ಅದು ಸುಳ್ಳಾಗಿ ಕೇಳಿಸಲೇ ಇಲ್ಲ. ಡಾಕ್ಟರು ಚೀಟಿಯಲ್ಲಿ ಹನ್ನೊಂದು ಎಂದು ಬರೆದುಕೊಂಡರು, ನಿನ್ನ ಕೈಗೆ ಸೂಜಿ ಚುಚ್ಚಿ ಸಕ್ಕರೆ ನೀರಿನ ಬಾಟಲಿ ಏರಿಸಿದರು. ಮೂರನೆಯ ದಿನ ಕೂಸು ಹೋಯಿತು. ನಾಲ್ಕನೆಯ ದಿನ ನೀನು ಕಣ್ಣು ತೆರೆದು ನನ್ನ ಹೆಸರು ಹಿಡಿದು ಕರೆದೆ. ಅಮ್ಮ ದೇವರಿಗೆ ಕೈಮುಗಿದಳು. ನೀನು ನನ್ನನ್ನು ಬಾಗಿಸಿಕೊಂಡು ಕಿವಿಯಲ್ಲಿ, "ಯಾರ್ಗೂ ಹೇಳ್ಬೇಡ ಕಣೇ," ಎಂದೆ.

ಆರು ವರ್ಷದ ನಂತರ ಶಿಕ್ಷಕರಿಗೆಂದು ನಡೆದ ಆರೋಗ್ಯ ಶಿಬಿರದಲ್ಲಿ ಒಬ್ಬ ನರ್ಸು ಪಾಠ ಮಾಡಿದಳು. ವಾರಗಟ್ಟಲೆ ವಾಂತಿಯಾಗಿ ಏನೂ ತಿನ್ನದ ಬಸುರಿಯ ಮೈಯಲ್ಲಿ ಒಂದು ವಿಟಮಿನ್ ಮುಗಿದುಹೋಗಿರುತ್ತದೆ, ಮೊದಲು ಅದರ ಚುಚ್ಚುಮದ್ದು, ಆಮೇಲೆ ಸಕ್ಕರೆ ನೀರು. ತಿರುವುಮುರುವಾದರೆ ಮಿದುಳಿಗೇ ಪೆಟ್ಟು, ನೆನಪು ನಿಲ್ಲುವುದಿಲ್ಲ ಎಂದಳು. ಕಣ್ಣು ಅದುರುತ್ತದೆ, ನಡಿಗೆ ತೂರಾಡುತ್ತದೆ ಎಂದಳು. ನನ್ನ ಪಕ್ಕದವಳು ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಬರೆದುಕೊಳ್ಳಲಿಲ್ಲ. ಐವತ್ತೆರಡು ಎಂದಿದ್ದರೆ ನೀನು ಪೂರ್ತಿ ಹಿಂದಿರುಗುತ್ತಿದ್ದೆಯೋ ಇಲ್ಲವೋ, ಅಷ್ಟು ಹೊತ್ತಿಗೆ ಕಣ್ಣು ಅದುರಿ ನಾಲ್ಕು ದಿನವಾಗಿತ್ತು. ಆದರೆ ಆ ಡಾಕ್ಟರಿಗೆ ಸರಿಯಾದ ಸಂಖ್ಯೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ.

ಅಣ್ಣ ಎರಡು ವರ್ಷ ಕಾದ, ಆಮೇಲೆ ಪಟ್ಟಣದಲ್ಲೇ ಬೇರೆ ಮನೆ ಮಾಡಿದ. ನಿನಗೆ ಅವನು ಇನ್ನೂ ಸಿನಾಯ್‌ನಲ್ಲಿದ್ದಾನೆ. ಉನೈಸಿ ಅತ್ತೆ ಬದುಕಿರುವವರೆಗೂ ಪ್ರತಿ ಶನಿವಾರ ನಿನ್ನ ತಲೆ ಬಾಚಲು ಬಂದಳು. ತನ್ನದಲ್ಲದ ತಪ್ಪಿಗೂ ಸೇರಿಸಿ ಬಾಚಿದಳು. ನಾನು ಅದನ್ನು ಇಪ್ಪತ್ತೆರಡು ವರ್ಷ ನೋಡುತ್ತಾ ಕುಳಿತೆ.

ನಮ್ಮಲ್ಲಿ ತಪ್ಪು ಮಾಡಿದವರೂ ತಿಮಿಂಗಿಲದ ಹಲ್ಲು ಹಿಡಿದು ಬಂದು ತಲೆ ತಗ್ಗಿಸಿ ಕೂರುತ್ತಾರೆ. ನೊಂದವರು ಅದನ್ನು ಮುಟ್ಟಿದರೆ ಮುಗಿಯಿತು. ನಾನೂ ತರಬಹುದು. ಏನು ಎತ್ತ ಎಂದು ಕೇಳದೆ ನೀನು ಮುಟ್ಟಿಯೇ ಮುಟ್ಟುತ್ತೀಯ, "ಎಷ್ಟು ಚೆನ್ನಾಗಿದೆ," ಎನ್ನುತ್ತೀಯ. ಅದಕ್ಕೇ ತರಲಾರೆ.

ಈ ಪತ್ರವನ್ನು ಈಗ ನಿನ್ನ ಕೈಗೆ ಕೊಡುತ್ತೇನೆ. ನೀನು ಗಟ್ಟಿಯಾಗಿ ಓದುತ್ತೀಯ, ಓದು ಇನ್ನೂ ಕೈಬಿಟ್ಟಿಲ್ಲ. ನಾನು ಕೆಳಗೆ, ಚಾಪೆಯ ಅಂಚಿನಲ್ಲಿ, ತಲೆ ತಗ್ಗಿಸಿ ಕೂರುತ್ತೇನೆ. ಓದುವಷ್ಟು ಹೊತ್ತು, ಸಾಲಿನಿಂದ ಸಾಲಿಗೆ, ನಿನಗೆ ಎಲ್ಲವೂ ಗೊತ್ತಿರುತ್ತದೆ. ಆಗ ನೀನು ಏನು ಅಂದರೂ ಅದು ನನಗೆ ಸಲ್ಲಬೇಕಾದದ್ದೇ. ಬೈದರೆ ಬೈಗುಳ, ಹೊಡೆದರೆ ಏಟು. ಮಡಚಿಟ್ಟ ಮೇಲೆ ನಿನಗದು ಉಳಿಯುವುದಿಲ್ಲ. ನಾಳೆ ಮತ್ತೆ ಕೊಡುತ್ತೇನೆ. ಒಂದು ಸಲಕ್ಕೆ ಮುಗಿಸಿಕೊಳ್ಳುವ ಹಕ್ಕು ನನಗಿಲ್ಲ.

ಬೆಳಗ್ಗೆ ಎಂದಿನಂತೆ ನೀನು ನನ್ನನ್ನು ಹತ್ತಿರ ಕರೆದು, ಯಾರಿಗೂ ಹೇಳಬೇಡ ಎಂದು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಡುತ್ತೀಯ; ಡಬ್ಬಿ ನಿನ್ನ ನೆನಪಿನಲ್ಲಿಲ್ಲ, ಕೈಗೆ ಮಾತ್ರ ಅದರ ರೂಢಿ ಉಳಿದಿದೆ. ಎಂದಿನಂತೆ ನಾನು ಅದಕ್ಕೆ ಟವೆಲು ಮುಚ್ಚಿ ಕೊಂಡೊಯ್ದು, ಉಪ್ಪು ನೀರಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಬೋರಲು ಹಾಕುತ್ತೇನೆ.

ನಿನಗೆ ತಿಂದದ್ದು ದಕ್ಕಲಿ, ಕುಡಿದದ್ದು ನಿಲ್ಲಲಿ. ನಾನು ಇರುವಷ್ಟು ದಿನ ನೀನೂ ಇರು.

ನಿನ್ನ ಡಬ್ಬಿ ತೊಳೆಯುವವಳು,
ಅಲುಮಿತಾ